ನಲವತ್ತೊಂದನೆಯ ಕೀರ್ತನೆ ಮತ್ತು ಒಂದು ಕೌದಿ

ನನ್ನ ಕಾಯಿಲೆ ಗುಣವಾಗಿಲ್ಲ. ಇದನ್ನು ಮೊದಲ ಸಾಲಿನಲ್ಲಿಯೇ ಹೇಳಿಬಿಡುತ್ತೇನೆ. ಇಂಥ ಬರಹಗಳನ್ನು ನಾನೂ ಆಸ್ಪತ್ರೆಯ ಬೆಂಚಿನ ಮೇಲೆ ಕುಳಿತು ಓದಿದ್ದೇನೆ. ಕೊನೆಯ ಪುಟ ತಿರುವಿ, ಬರೆದವರು ಗುಣವಾದರೋ ಇಲ್ಲವೋ ನೋಡಿಕೊಂಡು, ಆಮೇಲೆ ಮೊದಲಿನಿಂದ ಶುರು ಮಾಡಿದ್ದೇನೆ. ನನ್ನ ಓದುಗರಿಗೆ ಆ ಕಷ್ಟ ಬೇಡ. ನನ್ನ ಎರಡೂ ಮೂತ್ರಪಿಂಡಗಳು ಕೆಲಸ ನಿಲ್ಲಿಸಿವೆ. ಮಂಗಳವಾರ ಮತ್ತು ಶುಕ್ರವಾರ ಶಹಾಪುರದಿಂದ ಯಾದಗಿರಿಗೆ ಹೋಗಿ ಡಯಾಲಿಸಿಸ್ ಯಂತ್ರದ ಪಕ್ಕ ಮಲಗುತ್ತೇನೆ. ಉಳಿದ ದಿನ ಹೈಸ್ಕೂಲಿನಲ್ಲಿ ಕನ್ನಡ ಕಲಿಸುತ್ತೇನೆ. ಇದನ್ನು ನಾನು ಬದುಕು ಎಂದೇ ಕರೆಯುತ್ತೇನೆ.

ಆ ಯಂತ್ರವನ್ನು ನಾನು ಬಿಡಬೇಕೆಂದು ಕೇಳಿದವರು ನನ್ನ ವೈರಿಗಳಲ್ಲ, ನನ್ನನ್ನು ಪ್ರೀತಿಸುವವರು. ಬಿಡುವುದಿಲ್ಲ ಎಂದು ನಿಲ್ಲಲು ನನಗೆ ಕಾಲೂರುವ ಜಾಗ ಸಿಕ್ಕಿದ್ದು ಬೈಬಲಿನ ಒಂದು ಕೀರ್ತನೆಯಲ್ಲಿ. ಅದೇ ಕೀರ್ತನೆಯ ಅದೇ ವಚನ ಬೇರೆ ಪುಸ್ತಕದಲ್ಲಿ ಬೇರೆ ಮಾತು ಹೇಳುತ್ತಿತ್ತು. ನಡೆದದ್ದನ್ನು ನಡೆದ ಕ್ರಮದಲ್ಲಿಯೇ ಹೇಳಲು ಪ್ರಯತ್ನಿಸುತ್ತೇನೆ.

ಶುರುವಾದದ್ದು ಚಪ್ಪಲಿಯಿಂದ. ಸಂಜೆ ಮನೆಗೆ ಬಂದು ಚಪ್ಪಲಿ ಬಿಟ್ಟರೆ ಪಟ್ಟಿಯ ಗುರುತು ಪಾದದ ಮೇಲೆ ಹಾಗೇ ಉಳಿಯುತ್ತಿತ್ತು. ದಿನವಿಡೀ ನಿಂತು ಪಾಠ ಮಾಡುವವಳಿಗೆ ಇದು ಸಹಜ ಎಂದುಕೊಂಡೆ. ಆಮೇಲೆ ಬಾಯಿರುಚಿ ಕೆಟ್ಟಿತು. ಜೋಳದ ರೊಟ್ಟಿ ಮಣ್ಣು ತಿಂದಂತೆ ಆಗುತ್ತಿತ್ತು. ಮೊದಲು ಗಮನಿಸಿದವರು ನನ್ನ ಅತ್ತೆ ರತ್ನಮ್ಮ.

"ಸುಮಿತ್ರಾ, ನಿನ್ನ ಮಾರಿ ನೀನೇ ನೋಡಿಕೊಂಡೀಯೇನು? ಉಬ್ಬಿದ ಪೂರಿ ಆಗ್ಯಾದ. ದವಾಖಾನಿಗಿ ನಡಿ."

"ಪರೀಕ್ಷಾ ಮುಗೀಲಿ ಅತ್ತಿ."

"ಪರೀಕ್ಷಾ ನಿಂದೋ ಹುಡುಗರದೋ?"

ಯಾದಗಿರಿಯ ಆಸ್ಪತ್ರೆಯಲ್ಲಿ ಕಾಯುವ ಜಾಗ ಒಂದು ಉದ್ದನೆಯ ಪಡಸಾಲೆ. ಫ್ಯಾನಿನ ಕೆಳಗಿನ ಬೆಂಚಿಗೆ ಪೈಪೋಟಿ. ಅಲ್ಲಿ ಕೂತವರು ಎದ್ದರೆ ಟವೆಲ್ ಹಾಸಿ ಜಾಗ ಹಿಡಿದು ಹೋಗುತ್ತಾರೆ. ರಕ್ತದ ವರದಿ ಬರುವವರೆಗೆ ನನ್ನ ಗಂಡ ಜಯರಾಜ ಕೂರಲೇ ಇಲ್ಲ. ಶಹಾಪುರದಲ್ಲಿ ಅವರದು ಪಂಪ್‌ಸೆಟ್ ಮೋಟಾರ್ ರೀವೈಂಡಿಂಗ್ ಅಂಗಡಿ. ಸುಟ್ಟ ಮೋಟಾರನ್ನು ಬಿಚ್ಚಿ, ಕರಕಲಾದ ತಾಮ್ರದ ತಂತಿ ಕಿತ್ತು, ಹೊಸ ತಂತಿ ಸುತ್ತಿ ತಿರುಗಿಸಿಕೊಡುವುದು ಅವರ ಕಸುಬು. ಕೆಟ್ಟದ್ದು ಎಂದರೆ ಸರಿಹೋಗಬೇಕಾದದ್ದು ಎಂದೇ ಅವರಿಗೆ ಗೊತ್ತು.

ಡಾಕ್ಟರು ಚಿಕ್ಕ ವಯಸ್ಸಿನ ಹೆಣ್ಣುಮಗಳು. ಸ್ಕ್ಯಾನಿನ ಹಾಳೆಯನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದಳು.

"ಅಕ್ಕೋರ, ಎರಡೂ ಕಿಡ್ನಿ ಸಣ್ಣ ಆಗ್ಯಾವ್ರಿ. ಇದು ಇವತ್ತು ನಿನ್ನೆ ಆದದ್ದಲ್ಲ. ಬಿ.ಪಿ. ಒಳಗೊಳಗೇ ತಿಂದದ."

ಜಯರಾಜ ಮುಂದೆ ಬಂದರು. "ರಿಪೇರಿ ಆಗತದಲ್ಲರಿ ಮೇಡಮ್? ನಾ ಸುಟ್ಟ ಮೋಟಾರ ಮತ್ತ ಸುತ್ತತೀನ್ರಿ. ಹೊಸದರಂಗ ತಿರಗತದ."

"ಇದಕ್ಕ ಸುತ್ತಾಕ ತಂತಿ ಸಿಗಂಗಿಲ್ಲರಿ ಅಣ್ಣಾ," ಎಂದಳು ಆಕೆ. ಒರಟಾಗಿ ಹೇಳಲಿಲ್ಲ. ಅವರ ಭಾಷೆಯಲ್ಲಿಯೇ ಹೇಳಿದಳು. ನಾನು ಆ ಹುಡುಗಿಗೆ ಇಂದಿಗೂ ಕೃತಜ್ಞಳು. ಸುಳ್ಳು ಆಸೆಯ ಒಂದು ಹನಿಯನ್ನೂ ಆಕೆ ನಮ್ಮ ಕೈಗೆ ಹಾಕಲಿಲ್ಲ.

ಕಿಡ್ನಿ ದಾನದ ಮಾತೂ ಬಂತು. ಜಯರಾಜರಿಗೆ ಸಕ್ಕರೆ ಕಾಯಿಲೆ. ಅತ್ತೆಗೆ ವಯಸ್ಸು ಮೀರಿದೆ. ಮಕ್ಕಳಿಲ್ಲ. ಮಾತು ಅಲ್ಲಿಗೇ ನಿಂತಿತು.

ಡಯಾಲಿಸಿಸ್ ಬಗ್ಗೆ ಯಾರೂ ಮೊದಲೇ ಹೇಳದ ಒಂದು ಸಂಗತಿ ಚಳಿ. ಹೊರಗೆ ಯಾದಗಿರಿಯ ಬಿಸಿಲಿಗೆ ಡಾಂಬರು ಮೆತ್ತಗಾಗಿರುತ್ತದೆ. ಒಳಗೆ ರಕ್ತ ಮೈಬಿಟ್ಟು ಕೊಳವೆಯಲ್ಲಿ ಸುತ್ತಿ ಮರಳಿ ಬರುವಾಗ ಎಲುಬಿನೊಳಗಿಂದ ನಡುಕ ಏಳುತ್ತದೆ. ಮೊದಲ ದಿನ ನನ್ನ ಹಲ್ಲು ಕಟಕಟ ಅಂದದ್ದನ್ನು ನೋಡಿ ಅತ್ತೆ ಎರಡನೆಯ ಸಲ ಹೋಗುವಾಗ ಕೌದಿ ತಂದರು. ಹಳೆಯ ಸೀರೆಗಳನ್ನು ಪದರ ಪದರವಾಗಿ ಇಟ್ಟು ಅವರೇ ಹೊಲಿದದ್ದು. ಅದರಲ್ಲಿ ನನ್ನ ಮದುವೆಯ ಹಸಿರು ಸೀರೆಯ ಸೆರಗೂ ಇದೆ. ವಾರ್ಡಿನ ಸಿಸ್ಟರ್ ತಡೆದರು.

"ಅಮ್ಮಾ, ಮನಿ ಹಾಸಿಗಿ ಇಲ್ಲಿ ನಡೆಂಗಿಲ್ಲ. ಸೋಂಕು ಆಗತದ."

"ಬಿಸಿನೀರಾಗ ಕುದಿಸಿ ಬಿಸಲಾಗ ಒಣಗಸ್ತೀನಿ. ಪ್ರತಿಸಲ. ಆಗ ನಡೀತದೇನು?"

ಸಿಸ್ಟರ್ ಅವರನ್ನು ನೋಡಿದರು, ನನ್ನ ಹಲ್ಲುಗಳನ್ನು ನೋಡಿದರು. "ಪ್ರತಿಸಲ," ಎಂದರು.

ಅಂದಿನಿಂದ ಅತ್ತೆಗೆ ಅದೇ ಕೆಲಸ. ವಾರಕ್ಕೆ ಎರಡು ಸಲ ಅಷ್ಟು ಭಾರದ ಕೌದಿಯನ್ನು ಒಗೆಯುತ್ತಿದ್ದರು. ವಾರ್ಡಿಗೆ ಬಂದ ಕೂಡಲೇ ನನ್ನನ್ನು ಪಕ್ಕಕ್ಕೆ ನಿಲ್ಲಿಸಿ ಹಾಸಿಗೆ ಝಾಡಿಸಿ, ಸುಕ್ಕು ತೆಗೆದು, ಕೌದಿಯನ್ನು ಕಾಲ ಕಡೆ ಎರಡು ಮಡಿಕೆ ಮಾಡಿ ಹೊದಿಸುತ್ತಿದ್ದರು. ಸೂಜಿ ಚುಚ್ಚಿದ ಎಡಗೈ ಮಾತ್ರ ಹೊರಗೆ. ಅರ್ಧ ಹೊತ್ತಾದ ಮೇಲೆ ನಡುಕ ಇಳಿದು ಬೆವರು ಬಂದಾಗ ಒದ್ದೆಯಾದ ಬದಿಯನ್ನು ಹೊರಳಿಸಿ ಒಣ ಬದಿ ಮೈಗೆ ತಾಗುವಂತೆ ಹಾಕುತ್ತಿದ್ದರು.

ಪಕ್ಕದ ಹಾಸಿಗೆಯಲ್ಲಿ ಗೋಗಿಯ ಶರಣಪ್ಪನವರು. ಕಿರಾಣಿ ಅಂಗಡಿ ಇಟ್ಟವರು. ಹಣೆಯ ಮೇಲೆ ವಿಭೂತಿ ಇಲ್ಲದೆ ಅವರನ್ನು ನಾನು ನೋಡಿದ್ದೇ ಇಲ್ಲ. ನನ್ನ ಎದೆಯ ಮೇಲೆ ತೆರೆದಿಟ್ಟ ಬೈಬಲ್ ಕಂಡು ಮೊದಲ ದಿನವೇ ಮಾತಾಡಿಸಿದರು.

"ಅಕ್ಕೋರ, ಅದರಾಗ ಕಿಡ್ನಿ ಸುದ್ದಿ ಅದೇನ್ರಿ?"

ಇಲ್ಲ ಎಂದೆ. ಆಮೇಲೆ ನಮ್ಮ ಸಭೆಯ ಪಾಸ್ಟರನ್ನು ಕೇಳಿದಾಗ ಆಶ್ಚರ್ಯವಾಯಿತು. ನಮ್ಮ ಅನುವಾದಗಳಲ್ಲಿ ಅಂತರಂಗ, ಅಂತರಿಂದ್ರಿಯ, ಮನಸ್ಸು ಎಂದೆಲ್ಲ ಇರುವ ಕೆಲವು ಕಡೆ ಮೂಲ ಹೀಬ್ರೂ ಭಾಷೆಯಲ್ಲಿ ನೇರವಾಗಿ ಮೂತ್ರಪಿಂಡ ಎಂದೇ ಇದೆಯಂತೆ. ದೇವರು ಹೃದಯವನ್ನೂ ಮೂತ್ರಪಿಂಡವನ್ನೂ ಪರೀಕ್ಷಿಸುತ್ತಾನಂತೆ. ತಾಯಿಯ ಹೊಟ್ಟೆಯಲ್ಲಿ ಅವುಗಳನ್ನು ಮಾಡಿದವನೂ ಅವನೇ ಅಂತೆ. ಭಾಷಾಂತರ ಮಾಡಿದವರಿಗೆ ಆ ಮಾತು ಪ್ರಾರ್ಥನೆಯಲ್ಲಿ ಚೆನ್ನಾಗಿ ಕೇಳಿಸುವುದಿಲ್ಲ ಅನಿಸಿರಬೇಕು. ಮುಂದಿನ ಶುಕ್ರವಾರ ಶರಣಪ್ಪನವರಿಗೆ ಹೇಳಿದೆ.

"ಅಂದ್ರ ಮಾಡಿದಾಂವ ಅಂವನೇ, ಪರೀಕ್ಷಾ ಮಾಡಾಂವನೂ ಅಂವನೇ," ಎಂದು ನಕ್ಕರು. "ಗ್ಯಾರಂಟಿ ಕಾರ್ಡ್ ಮಾತ್ರ ಕೊಟ್ಟಿಲ್ಲ ನೋಡ್ರಿ."

ಆ ನಗು ನನಗೆ ಔಷಧಿಯಷ್ಟೇ ಉಪಕಾರ ಮಾಡಿತು. ಆದರೆ ಅದಕ್ಕಿಂತ ಹೆಚ್ಚಾಗಿ ಆ ಸಂಗತಿ ಮನಸ್ಸಿನಲ್ಲಿ ಕೂತಿತು. ನಾನು ಬಾಲ್ಯದಿಂದ ಬಾಯಿಪಾಠ ಮಾಡಿದ ಮಾತುಗಳ ಹಿಂದೆ ಯಾರೋ ಕೂತು ಇದು ಇರಲಿ, ಇದು ಬೇಡ ಎಂದು ಆರಿಸಿದ್ದಾರೆ. ಆರಿಸುವಾಗ ಅವರಿಗೆ ನನ್ನಂಥವರ ನೆನಪಿತ್ತೋ ಇಲ್ಲವೋ.

ನಮ್ಮ ಸಭೆಯಲ್ಲಿ ಒಂದು ಪದ್ಧತಿ ಇದೆ. ಯಾರಾದರೂ ಹಾಸಿಗೆ ಹಿಡಿದರೆ ಜನ ಮನೆಗೆ ಬಂದು ನಲವತ್ತೊಂದನೆಯ ಕೀರ್ತನೆ ಓದುತ್ತಾರೆ. ಒಬ್ಬರು ಒಂದು ವಚನ, ಉಳಿದವರೆಲ್ಲ ಸೇರಿ ಮುಂದಿನ ವಚನ. ರೋಗಿಯೂ ಬಾಯಿ ಆಡಿಸಬೇಕು. ನಮ್ಮ ಮನೆಗೂ ಬಂದರು. ನಡುಮನೆಯ ಗೋಡೆಗುಂಟ ಚಾಪೆ ಹಾಸಿ ಕೂತರು. ಸಭೆಯ ಹಿರಿಯರ ಕೈಯಲ್ಲಿ ದಪ್ಪ ಅಕ್ಷರದ ಪುಸ್ತಕ. ಜಯರಾಜರ ಫೋನಿನಲ್ಲಿ ಸರಳ ಕನ್ನಡದ ಹೊಸ ಅನುವಾದ. ಗುರುಮಠಕಲ್ ಕಡೆಯಿಂದ ಬಂದ ಒಬ್ಬಾಕೆಯದು ತೆಲುಗು. ಅತ್ತೆಯ ಮುಂದೆ ನನ್ನ ಮಾವನ ಬೈಬಲ್. ಅದಕ್ಕೆ ಹೊದಿಕೆ ಇಲ್ಲ, ಮೊದಲ ಪುಟಗಳೂ ಇಲ್ಲ. ಯಾರ ಅನುವಾದ, ಯಾವ ಕಾಲದ್ದು ಎಂದು ತಿಳಿಯುವಂತಿಲ್ಲ. ಅತ್ತೆಗೆ ಓದಲು ಬರುವುದಿಲ್ಲ. ಮಾವ ದಿನಾ ಜೋರಾಗಿ ಓದುತ್ತಿದ್ದುದನ್ನು ಕೇಳಿ ಕೇಳಿ ಬಾಯಿಗೆ ಬಂದಿದೆ. ಪುಸ್ತಕವನ್ನು ಸುಮ್ಮನೆ ತೆರೆದು ಎದುರಿಗಿಟ್ಟುಕೊಳ್ಳುತ್ತಾರೆ.

ಸಭೆಯಲ್ಲಿ ಓದಿಸುವ ನಾನೇ ಹಾಸಿಗೆ ಹಿಡಿದಿದ್ದರಿಂದ ಅಂದು ಎಲ್ಲರೂ ಒಟ್ಟಿಗೇ ಓದಿದರು. ಮೂರನೆಯ ವಚನಕ್ಕೆ ಬಂದಾಗ ದನಿ ಎರಡಾಗಿ ಒಡೆಯಿತು. ಜಯರಾಜರ ಫೋನಿನ ಪ್ರಕಾರ ದೇವರು ರೋಗಿಯ ರೋಗವನ್ನು ವಾಸಿ ಮಾಡಿ ಎಬ್ಬಿಸುತ್ತಾನೆ. ಅತ್ತೆಯ ಬಾಯಿಯ ಪ್ರಕಾರ, ರೋಗಿ ಬಿದ್ದುಕೊಂಡಿರುವಾಗ ದೇವರು ಅವನ ಹಾಸಿಗೆಯನ್ನು ತಿರುವಿ ಹಾಸುತ್ತಾನೆ. ಅಷ್ಟೇ. ವಾಸಿಯ ಮಾತಿಲ್ಲ. ದಪ್ಪ ದನಿಗಳೆಲ್ಲ ವಾಸಿ ಎಂದವು. ಒಂದು ಮುದುಕಿಯ ದನಿ ಮಾತ್ರ ಹಾಸಿಗೆ ಎಂದಿತು.

"ಅವ್ವಾ, ನೀ ಹೇಳಾದು ತಪ್ಪದ," ಎಂದರು ಜಯರಾಜ.

"ನಿಮ್ಮಪ್ಪ ಓದಿದ್ದು ಇದೇ. ಅಂವನ ತಪ್ಪಿದ್ರ ಮ್ಯಾಲೆ ಹೋಗಿ ಕೇಳು."

ಕೀರ್ತನೆ ಮುಗಿಯಿತು. ಒಬ್ಬರು ಮುಂದಿನದನ್ನೂ ಓದೋಣ ಎಂದು ಪುಟ ತಿರುವಿದರು. ಅದು ನೀರಿಗಾಗಿ ಬಾಯಾರಿದ ಜಿಂಕೆಯ ಕೀರ್ತನೆ. ಅತ್ತೆ ತಟ್ಟನೆ ಕೈ ಅಡ್ಡ ಹಿಡಿದರು. "ಅದು ಬ್ಯಾಡ್ರಿ. ಡಾಕ್ಟರು ಆಕಿಗಿ ನೀರು ಬಂದ್ ಮಾಡ್ಯಾರ." ಇಡೀ ಮನೆ ನಕ್ಕಿತು. ನನಗೆ ಮಾತ್ರ ಕಣ್ಣಲ್ಲಿ ನೀರು ಬಂತು. ಬೇಸಿಗೆಯಲ್ಲಿ ದಿನವಿಡೀ ಒಂದು ಸ್ಟೀಲ್ ಲೋಟದ ನೀರಿನಲ್ಲಿ ಕಳೆಯುವವಳ ಬಾಯಿ ಹೇಗಿರುತ್ತದೆಂದು ಆ ಕೋಣೆಯಲ್ಲಿ ನೆನಪಿಟ್ಟವರು ಅವರೊಬ್ಬರೇ.

ಆದರೆ ಹಿರಿಯರು ಏಳಲಿಲ್ಲ. ನಾಲ್ಕನೆಯ ವಚನದಲ್ಲಿ ರೋಗಿ ತಾನು ಪಾಪ ಮಾಡಿದ್ದೇನೆ, ವಾಸಿ ಮಾಡು ಎಂದು ಬೇಡುತ್ತಾನೆ. ಅದನ್ನು ಬೆರಳಿಟ್ಟು ತೋರಿಸಿ ಕೇಳಿದರು: "ಅಕ್ಕೋರ, ಮನಸಿನಾಗ ಏನಾರ ಉಳದಿದ್ರ ಹೇಳಿಬಿಡ್ರಿ. ಹಗುರ ಆಗತದ."

"ಬಿ.ಪಿ. ನೋಡಿಸಿಕೊಳ್ಳಲಿಲ್ಲರಿ," ಎಂದೆ. "ಬ್ಯಾರೆ ಏನೂ ಇಲ್ಲ."

ಅವರಿಗೆ ಸಿಟ್ಟು ಬಂತು. ನನಗೆ ಅವರಿಗಿಂತ ಹೆಚ್ಚು ಬಂತು. ಕಾಯಿಲೆ ಬಂದ ಮೇಲೆ ದೇಹದ ಎಲ್ಲವನ್ನೂ ಪರರ ಕೈಗೆ ಕೊಟ್ಟಾಗಿದೆ. ರಕ್ತ, ಮೂತ್ರ, ತೂಕ, ಕುಡಿಯುವ ನೀರು. ಮನಸ್ಸಿನ ಲೆಕ್ಕವನ್ನೂ ಕೊಡಲು ನಾನು ತಯಾರಿರಲಿಲ್ಲ.

ಅದೇ ವಾರ ಯಂತ್ರದ ಪಕ್ಕ ಮಲಗಿ ಮೂವತ್ತೊಂಬತ್ತನೆಯ ಕೀರ್ತನೆಯ ಕೊನೆಯನ್ನು ಸಿಕ್ಕ ಸಿಕ್ಕ ಅನುವಾದಗಳಲ್ಲಿ ಓದಿದೆ. ಸಾಯುವ ಮುಂಚೆ ಒಬ್ಬ ಮನುಷ್ಯ ದೇವರೊಡನೆ ಆಡುವ ಮಾತು ಅದು. ಒಂದರಲ್ಲಿ ನನ್ನನ್ನು ಉಳಿಸು, ಬಲ ಬರಲಿ ಎನ್ನುತ್ತಾನೆ. ಇನ್ನೊಂದರಲ್ಲಿ ನಿನ್ನ ಸಿಟ್ಟಿನ ಕಣ್ಣು ತೆಗೆ ಎನ್ನುತ್ತಾನೆ. ಮತ್ತೊಂದರಲ್ಲಿ ಸಿಟ್ಟಿನ ಸುದ್ದಿಯೂ ಇಲ್ಲ, ಉಳಿಸು ಎಂಬ ಬೇಡಿಕೆಯೂ ಇಲ್ಲ. ನನ್ನ ಮೇಲಿಂದ ಕಣ್ಣು ತೆಗೆ, ಹೋಗುವ ಮುಂಚೆ ಒಂದಿಷ್ಟು ನಗುತ್ತೇನೆ ಎಂದು ನೇರವಾಗಿ ಹೇಳುತ್ತಾನೆ. ಅದನ್ನು ಓದಿದಾಗ ಯಾರೋ ಬಂದು ಪಕ್ಕ ಕೂತಂತಾಯಿತು. ದೇವರಿಗೆ ಹಾಗೆ ಹೇಳಬಹುದು ಎಂದು ನನಗೆ ಗೊತ್ತಿರಲಿಲ್ಲ. ಹೇಳಿದ ಮೇಲೂ ಅದನ್ನು ಪವಿತ್ರ ಗ್ರಂಥದಲ್ಲಿ ಉಳಿಸಿಕೊಂಡಿದ್ದಾರೆ ಎಂಬುದಂತೂ ಗೊತ್ತೇ ಇರಲಿಲ್ಲ.

ಒಂದು ಶುಕ್ರವಾರ ಶರಣಪ್ಪನವರ ಹಾಸಿಗೆಯಲ್ಲಿ ಬೇರೆ ಯಾರೋ ಮಲಗಿದ್ದರು. ಊರಿನಲ್ಲಿ ಮೊಮ್ಮಗಳ ಮದುವೆ ಎಂದು ಅವರು ಬರುವುದನ್ನು ತಪ್ಪಿಸಿದ್ದರು. ಪಂಕ್ತಿಯಲ್ಲಿ ಕೂತು ಎಲ್ಲರಂತೆ ಉಂಡು, ಎಲ್ಲರಂತೆ ನೀರು ಕುಡಿದರಂತೆ. ಉಸಿರು ಕಟ್ಟಿತಂತೆ. ಸಿಸ್ಟರ್ ಇಷ್ಟು ಹೇಳಿ ನನ್ನ ಸೂಜಿಯ ಟೇಪು ಸರಿಮಾಡತೊಡಗಿದರು. ಆ ದಿನ ಕೌದಿಯೊಳಗೂ ನನ್ನ ನಡುಕ ನಿಲ್ಲಲಿಲ್ಲ. ಈ ಬರಹದ ಮುಂದಿನ ಭಾಗ ಓದುವಾಗ ಇದನ್ನು ನೆನಪಿಟ್ಟುಕೊಳ್ಳಬೇಕೆಂದು ಕೇಳುತ್ತೇನೆ. ತಪ್ಪಿಸಿದರೆ ಏನಾಗುತ್ತದೆ ಎಂಬುದನ್ನು ನಾನು ಪುಸ್ತಕದಲ್ಲಿ ಓದಿದ್ದಲ್ಲ.

ಅದಾದ ಕೆಲವೇ ವಾರಗಳಲ್ಲಿ ಶಹಾಪುರಕ್ಕೆ ಹೊರಗಿನ ಬೋಧಕರೊಬ್ಬರು ಬಂದು ಪೆಂಡಾಲು ಹಾಕಿ ಸ್ವಸ್ಥತೆಯ ಕೂಟ, ಅಂದರೆ ರೋಗ ವಾಸಿಯಾಗಲೆಂದು ಪ್ರಾರ್ಥಿಸುವ ಸಭೆ, ನಡೆಸಿದರು. ಜಯರಾಜ ದಿನವೂ ಹೋದರು. ಕೊನೆಯ ದಿನ ಮನೆಗೆ ಬಂದಾಗ ಅವರ ಮುಖದಲ್ಲಿ ನಾನು ಬಹಳ ತಿಂಗಳಿಂದ ಕಾಣದ ಹೊಳಪು ಇತ್ತು. ಬೋಧಕರು ನನ್ನ ಹೆಸರು ಹಿಡಿದು ಪ್ರಾರ್ಥಿಸಿ, ಕೆಲಸ ಆಗಿದೆ ಎಂದಿದ್ದರಂತೆ. ಇನ್ನು ಯಂತ್ರಕ್ಕೆ ಹೋಗುವುದೆಂದರೆ ದೇವರನ್ನು ನಂಬದೆ ಇದ್ದಂತೆ. ಮೊದಲು ಸಾಕ್ಷಿ ಹೇಳಬೇಕು, ಆಮೇಲೆ ಶರೀರ ಹಿಂಬಾಲಿಸುತ್ತದೆ.

ಸಾಕ್ಷಿ ಎಂದರೆ ನಮ್ಮಲ್ಲಿ ಸಭೆಯ ಮುಂದೆ ನಿಂತು ದೇವರು ತನಗೆ ಮಾಡಿದ್ದನ್ನು ಹೇಳುವುದು. ಇತ್ತೀಚೆಗೆ ಆಗುವ ಮುಂಚೆಯೇ ಆಯಿತೆಂದು ಹೇಳುವ ರೂಢಿ ಬಂದಿದೆ. ಜಯರಾಜ ಮುಂದಿನ ಭಾನುವಾರ ಕೃತಜ್ಞತೆಯ ಆರಾಧನೆ ಇಟ್ಟುಕೊಂಡಿದ್ದರು. ಕೊಂಕಲ್‌ನ ನಮ್ಮ ನೆಂಟರಿಗೆ ಹೇಳಿ ಕಳಿಸಿದ್ದರು. ಬೂಂದಿ ಲಾಡಿಗೂ ಹೇಳಿಯಾಗಿತ್ತು.

"ಈ ಮಂಗಳವಾರ ಒಂದು ಬಿಡು," ಎಂದರು. "ಒಂದೇ ಒಂದು. ಆಮ್ಯಾಲೆ ನೋಡೋಣು."

"ಶರಣಪ್ಪನವರೂ ಒಂದೇ ಬಿಟ್ಟಿದ್ರು."

"ಅಂವ ನಮ್ಮ ದೇವರಿಗಿ ನಂಬಿದಾಂವಲ್ಲ."

"ರೀ, ಅವರ ರಕ್ತ, ನನ್ನ ರಕ್ತ ಒಂದೇ ನಮೂನಿ ಮಷಿನ್ಯಾಗ ತಿರಗೇವ. ಅಲ್ಲಿ ಯಾರೂ ದೇವರ ಹೆಸರು ಕೇಳಂಗಿಲ್ಲ."

ಅವರು ತಲೆ ಹಿಡಿದುಕೊಂಡು ಹೊಸ್ತಿಲ ಮೇಲೆ ಕೂತರು. "ನನಗ ಸಾಕಾಗ್ಯಾದ ಸುಮಿತ್ರಾ. ನಿನ್ನ ಕೈಯಾಗ ಆ ಸೂಜಿ ಗಾಯ ನೋಡಿ ನೋಡಿ ಸಾಕಾಗ್ಯಾದ. ವಾಸಿ ಮಾಡ್ತೀನಿ ಅಂತ ಬರದದ. ಬರದದ್ದು ಸುಳ್ಳೇನು?"

ಅವರ ಭಯ ನನಗೆ ಅರ್ಥವಾಗುತ್ತಿತ್ತು. ಅರ್ಥವಾದ ಮಾತ್ರಕ್ಕೆ ನನ್ನ ಉಸಿರನ್ನು ಅದಕ್ಕೆ ಒತ್ತೆ ಇಡಲು ಆಗುತ್ತಿರಲಿಲ್ಲ.

ಮಂಗಳವಾರ ಬೆಳಿಗ್ಗೆ ಅವರು ಸ್ಕೂಟರಿನ ಚಾವಿ ತೆಗೆದುಕೊಂಡು ಅಂಗಡಿಗೆ ಹೋದರು. ಬಸ್ ಸ್ಟ್ಯಾಂಡಿಗೆ ಬಿಡುವವರು ಅವರೇ ಆಗಿದ್ದರು. ನಾನು ಸೀರೆಯ ನೆರಿಗೆ ಹಿಡಿದು ಯೋಚಿಸುತ್ತಾ ನಿಂತಿದ್ದೆ. ಅತ್ತೆ ಕೌದಿಯನ್ನು ತಲೆಯ ಮೇಲೆ ಇಟ್ಟುಕೊಂಡು ಹೊರಬಂದರು.

"ನಡಿ. ಬಸ್ ನಿನ್ನ ಗಂಡನ ಕೇಳಿ ಬಿಡಂಗಿಲ್ಲ."

"ಅವರು ಸಿಟ್ಟಾಗ್ತಾರ ಅತ್ತಿ."

"ಆಗಲಿ. ಹೊಟ್ಟೀಲಿ ಹಡದಾಕಿ ನಾ. ಅಂವನ ಸಿಟ್ಟು ಎಷ್ಟು ದಿನದ್ದಂತ ನನಗ ಗೊತ್ತದ."

ಬಸ್ಸಿನಲ್ಲಿ ಜಾಗ ಇರಲಿಲ್ಲ. ಅತ್ತೆ ಕೌದಿಯ ಗಂಟನ್ನು ಇಂಜಿನ್ ಪಕ್ಕ ಇಟ್ಟು ನನ್ನನ್ನು ಅದರ ಮೇಲೆ ಕೂರಿಸಿದರು. ಭೀಮಾ ಸೇತುವೆ ದಾಟುವಾಗ ನದಿಯಲ್ಲಿ ಬರೀ ಮರಳು ಕಾಣುತ್ತಿತ್ತು. ಅತ್ತೆ ನನ್ನ ಭುಜ ಹಿಡಿದು ನಿಂತು, ಇಂಜಿನಿನ ಸದ್ದಿಗಿಂತ ಜೋರಾಗಿ ನಲವತ್ತೊಂದನೆಯ ಕೀರ್ತನೆ ಹೇಳುತ್ತಿದ್ದರು. ಅವರ ಕೀರ್ತನೆ, ಹಾಸಿಗೆ ಇರುವುದು.

ಬುಧವಾರ ಪಾಸ್ಟರ್ ಮನೆಗೆ ಹೋದೆ. ಇನ್ನೂ ಹರೆಯದವರು, ಓದಿಕೊಂಡವರು, ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎನ್ನುವವರು. ಮೂರನೆಯ ವಚನದಲ್ಲಿ ಮೂಲದಲ್ಲಿ ಏನಿದೆ ಎಂದು ಕೇಳಿದೆ. ಅವರು ಎರಡು ದಪ್ಪ ಪುಸ್ತಕ ತೆಗೆದರು.

"ಹಾಸಿಗಿ ಅಂತ ಮಾತು ಅದ್ರಿ. ಅದನ್ನ ತಿರುವಿದಿ ಅಂತನೂ ಅದ. ತಿರುವೋದು ಅಂದ್ರ ರೋಗಿನ ಎಬ್ಬಿಸಿ ರೋಗದ ಹಾಸಿಗಿನೇ ಇಲ್ಲದಂಗ ಮಾಡಿದ ಅಂತ ಕೆಲವರು ತಗೋತಾರ. ತಾಯಿ ಮಾಡಿದಂಗ ಹಾಸಿಗಿ ತಿರುವಿ ಹಾಸಿದ ಅಂತ ಕೆಲವರು."

"ಯಾವುದು ಖರೆ?"

"ಎರಡಕ್ಕೂ ಆಧಾರ ಅದ."

"ನೀವು ಯಾವುದು ಹೇಳ್ತೀರಿ?"

ಅವರು ಪುಸ್ತಕ ಮುಚ್ಚಿದರು. "ನಾ ಆರಾಮ ಇದ್ದಾಂವರಿ ಅಕ್ಕೋರ. ನಾ ಹೇಳಿದ್ರ ಏನು ಬಂತು?"

ಇದಕ್ಕಿಂತ ಪ್ರಾಮಾಣಿಕವಾದ ಉತ್ತರ ನನಗೆ ಎಲ್ಲಿಯೂ ಸಿಕ್ಕಿಲ್ಲ. ನಾನು ಎದ್ದು ಬರುವಾಗ ಅವರು ಇನ್ನೊಂದು ಮಾತು ಹೇಳಿದರು. "ಭಾನುವಾರ ಕೀರ್ತನಿ ಓದಾಕಿ ನೀವೇ ಅಲ್ಲೇನ್ರಿ? ನಿಮಗ ಬೇಕಾದ ಪುಸ್ತಕ ತರ್ರಿ."

ನಮ್ಮ ಗುಡಿಯಲ್ಲಿ, ಚರ್ಚನ್ನು ನಾವು ಹಾಗೇ ಕರೆಯುವುದು, ಕೀರ್ತನೆಯನ್ನು ಮುಂದೆ ನಿಂತು ಓದಿಸುವವಳು ಮದುವೆಯಾಗಿ ಬಂದಾಗಿನಿಂದ ನಾನೇ. ಭಾನುವಾರ ಬಿಳಿ ಸೀರೆ ಉಟ್ಟು ಹೋದೆ. ಗಂಡಸರು ಬಲಗಡೆ, ಹೆಂಗಸರು ಎಡಗಡೆ. ಕೊಂಕಲ್‌ನ ನೆಂಟರು ಮೊದಲ ಸಾಲಿನಲ್ಲಿ. ಬಾಗಿಲ ಬಳಿ ಮೇಜಿನ ಮೇಲೆ ಲಾಡಿನ ಬುಟ್ಟಿ, ಮೇಲೆ ಪೇಪರು. ಜಯರಾಜ ಇಸ್ತ್ರಿ ಅಂಗಿ ತೊಟ್ಟು ನನ್ನತ್ತ ನೋಡುತ್ತಿದ್ದರು. ಆ ಮಂಗಳವಾರದ ನಂತರ ಅವರು ನನ್ನೊಡನೆ ಊಟಕ್ಕೆ ಬಾ ಎಂಬುದನ್ನು ಬಿಟ್ಟು ಬೇರೆ ಮಾತಾಡಿರಲಿಲ್ಲ.

ಮಾವನ ಹೊದಿಕೆಯಿಲ್ಲದ ಪುಸ್ತಕ ತೆರೆದೆ. ಒಂದನೆಯ ವಚನ ನಾನು, ಎರಡನೆಯದು ಅವರು. ಮೂರನೆಯದು ನನ್ನದು. ಅತ್ತೆಯ ಬಾಯಲ್ಲಿ ಕೇಳಿದ್ದನ್ನು ಈಗ ಅಚ್ಚಿನಲ್ಲಿ ನೋಡಿ ನಿಧಾನವಾಗಿ ಓದಿದೆ. ಬಲಗಡೆಯಿಂದ ಗುಜುಗುಜು ಎದ್ದಿತು. ಒಬ್ಬರು ಫೋನು ಎತ್ತಿ ತೋರಿಸಿದರು. "ಅಕ್ಕೋರ, ವಾಸಿ ಮಾಡ್ತಾನ ಅಂತದ ಇಲ್ಲಿ."

"ನಿಮ್ಮದರಾಗ ಹಂಗದ. ಇದರಾಗ ಹಿಂಗದ," ಎಂದೆ. "ನೀವು ಆರಾಮ ಅದೀರಿ, ನಿಮ್ಮದು ನೀವು ಓದ್ರಿ. ಮಲಗಿದಾಕಿ ನಾ. ನನ್ನ ಪಾಲಿಗಿ ಯಾವುದು ಆಗ್ಯಾದ ಅದು ನಾ ಓದ್ತೀನಿ."

ಸಾಕ್ಷಿಯ ಸರದಿಗೆ ಕಾಯದೆ ಅಲ್ಲಿಯೇ ಹೇಳಿದೆ.

"ನಾ ವಾಸಿ ಆಗಿಲ್ಲ. ಆಗೇನಿ ಅಂದ್ರ ಸುಳ್ಳು ಆಗತದ. ದೇವರ ಮುಂದ ನಿಂತು ಸುಳ್ಳು ಹೇಳಂಗಿಲ್ಲ. ಮಂಗಳವಾರ ಯಾದಗಿರಿಗಿ ಹೋಗ್ತೀನಿ, ಶುಕ್ರವಾರನೂ ಹೋಗ್ತೀನಿ. ನನ್ನ ಹಾಸಿಗಿ ವಾರಕ್ಕ ಎರಡು ಸಲ ತಿರುವಿ ಹಾಸಾಕಿ ಅಲ್ಲಿ ಮೂರನೇ ಸಾಲಿನಾಗ ಕುಂತಾಳ. ಆಕಿ ಕೈಗಿ ಯಾರು ಬಲ ಕೊಟ್ಟಾರಂತ ನನಗ ಗೊತ್ತದ. ಅದೇ ನನ್ನ ಸಾಕ್ಷಿ."

"ವಿಶ್ವಾಸ ಇಲ್ಲೇನು ನಿಮಗ?" ಹಿರಿಯರ ದನಿ.

"ವಿಶ್ವಾಸ ಅದ ಅಂತೇ ಬಸ್ ಹತ್ತತೀನ್ರಿ."

ಉಳಿದ ವಚನಗಳನ್ನು ಓದಿ ಮುಗಿಸಿದೆ. ನಾಲ್ಕನೆಯದನ್ನೂ ಬಿಡಲಿಲ್ಲ. ಪಾಪ ನನಗೂ ಇದೆ, ಆದರೆ ಅದರ ಹೆಸರು ಕಿಡ್ನಿ ಅಲ್ಲ. ಆರಾಧನೆ ಮುಗಿದಾಗ ಯಾರಿಗೂ ಏನು ಮಾಡಬೇಕೆಂದು ತಿಳಿಯಲಿಲ್ಲ. ಲಾಡಿನ ಬುಟ್ಟಿಯ ಸುತ್ತ ಜನ ಸುಮ್ಮನೆ ನಿಂತಿದ್ದರು. ಅತ್ತೆ ಹೋಗಿ ಪೇಪರು ಎತ್ತಿದರು.

"ಹಂಚ್ರಿ. ಲಾಡು ಏನು ತಪ್ಪು ಮಾಡ್ಯಾವ?"

ಆ ಸಂಜೆ ಮನೆಯಲ್ಲಿ ಮಾತಿರಲಿಲ್ಲ. ಸೋಮವಾರವೂ ಇರಲಿಲ್ಲ. ಗೆದ್ದೆ ಎಂದು ನನಗೆ ಅನಿಸಲೂ ಇಲ್ಲ. ಗಂಡನನ್ನು ಸಭೆಯ ಮುಂದೆ ಒಂಟಿಯಾಗಿ ನಿಲ್ಲಿಸಿದ್ದೆ. ಆದರೂ ಇನ್ನೊಮ್ಮೆ ಅಂಥ ಹೊತ್ತು ಬಂದರೆ ಹಾಗೆಯೇ ಮಾಡುತ್ತೇನೆ. ಮಂಗಳವಾರ ಬೆಳಿಗ್ಗೆ ಅವರು ಅಂಗಡಿ ತೆಗೆಯಲಿಲ್ಲ. ಬಾಗಿಲಲ್ಲಿ ಅತ್ತೆಯ ಕೈಯಿಂದ ಕೌದಿಯ ಗಂಟು ತೆಗೆದುಕೊಂಡು, "ಭಾಳ ಭಾರ ಅದಲ್ಲಬೇ ಇದು," ಎಂದರು.

"ಈಗ ಗೊತ್ತಾತೇನು?" ಎಂದರು ಅತ್ತೆ.

ವಾರ್ಡಿನಲ್ಲಿ ಸಿಸ್ಟರ್ ಸೂಜಿ ಚುಚ್ಚುವಾಗ ಅವರು ಮೊದಲು ಬಂದಾಗಿನಂತೆ ಹೊರಗೆ ಹೋಗಲಿಲ್ಲ. ಗೋಡೆಗೆ ಒರಗಿ ನಿಂತು ನೋಡಿದರು. ಆಮೇಲೆ ಯಂತ್ರದ ಮುಂದೆ ಬಗ್ಗಿ ರಕ್ತ ತಳ್ಳುವ ಪಂಪು ತಿರುಗುವುದನ್ನು ಕಿವಿಗೊಟ್ಟು ಕೇಳಿದರು. ಸಿಸ್ಟರ್‌ಗೆ "ಮೋಟಾರ ಚಲೋ ಅದ್ರಿ," ಎಂದರು. ನನ್ನ ಎಡಗೈಯಲ್ಲಿ ಡಯಾಲಿಸಿಸಿಗಾಗಿ ಎರಡು ರಕ್ತನಾಳ ಸೇರಿಸಿ ಹೊಲಿದಿದ್ದಾರೆ. ಅಲ್ಲಿ ಬೆರಳಿಟ್ಟರೆ ಗುಂಯ್ ಎಂದು ಸದಾ ಅದುರುತ್ತಿರುತ್ತದೆ. ಮನೆಗೆ ಬಂದ ಮೇಲೆ ಮೊದಲ ಸಲ ಅವರು ಅದಕ್ಕೆ ಕಿವಿ ಹಚ್ಚಿದರು. ಅಂಗಡಿಯಲ್ಲಿ ಮೋಟಾರಿಗೆ ಹಚ್ಚುವ ಹಾಗೆಯೇ, ಕಣ್ಣು ಮುಚ್ಚಿ.

"ಚಾಲೂ ಅದ," ಎಂದರು. ಬಹಳ ಹೊತ್ತು ಕಿವಿ ತೆಗೆಯಲಿಲ್ಲ.

ಸಭೆಯಲ್ಲಿ ಕೆಲವರು ಈಗಲೂ ನನ್ನ ಮನೆಗೆ ಬರುವುದಿಲ್ಲ. ನನ್ನಿಂದ ಅವರ ವಿಶ್ವಾಸ ಕೆಡುತ್ತದೆಯಂತೆ. ಇರಲಿ. ನಾನೂ ವಾಸಿ ಎಂಬ ಅನುವಾದವನ್ನು ಸುಳ್ಳೆನ್ನುವುದಿಲ್ಲ. ಅದು ಯಾರಿಗೋ ಆಗಿರುತ್ತದೆ, ಅವರು ಎದ್ದು ನಿಂತು ಹೇಳಲಿ. ಆದರೆ ಏಳಲಾರದವರಿಗೆ ಒಂದು ಅನುವಾದ ಬೇಕು. ಅದನ್ನು ಯಾರೂ ನಮ್ಮ ಕೈಯಿಂದ ಕಸಿಯಬಾರದು.

ಹೋದ ತಿಂಗಳು ಸುರಪುರದಿಂದ ಕರೆ ಬಂತು. ಅಲ್ಲಿನ ಸಭೆಯ ಒಬ್ಬ ಸೊಸೆಗೆ ನನ್ನದೇ ಕಾಯಿಲೆ ಎಂದು ಹೊಸದಾಗಿ ಗೊತ್ತಾಗಿತ್ತು. ನಾನು ಮತ್ತು ಜಯರಾಜ ಹೋದೆವು. ಅತ್ತೆಗೆ ಮಂಡಿ ನೋವು, ಬರಲಿಲ್ಲ. ಇಕ್ಕಟ್ಟಾದ ಕೋಣೆ, ಜನ ತುಂಬಿದ್ದರು. ಹುಡುಗಿ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದಳು. ಬೆವರಿಗೆ ಹಾಸಿಗೆ ಒದ್ದೆಯಾಗಿ ಬೆನ್ನಿಗೆ ಅಂಟಿತ್ತು. ಎಲ್ಲರ ಕೈಯಲ್ಲೂ ಪುಸ್ತಕ, ಫೋನು. ಅವಳ ಮಾ‌ವ ನನಗೆ ಹೇಳಿದರು: "ಅಕ್ಕೋರ, ನಲವತ್ತೊಂದು ನೀವೇ ಓದಸ್ರಿ."

ಶುರು ಮಾಡಿದೆ. ಎರಡನೆಯ ವಚನ ಅವರು ಹೇಳಿ ಮುಗಿಸಿದರು. ಮೂರನೆಯದು ನನ್ನದು. ಹುಡುಗಿ ಮೆಲ್ಲಗೆ ಹೊರಳಿ ನನ್ನ ಬಾಯನ್ನೇ ನೋಡತೊಡಗಿದಳು. ಯಾವುದನ್ನು ಹೇಳುತ್ತಾಳೆ ಎಂಬ ಆ ನೋಟ ನನಗೆ ಗೊತ್ತು. ಆಸ್ಪತ್ರೆಯಲ್ಲಿ ಸ್ಕ್ಯಾನಿನ ಹಾಳೆ ಹಿಡಿದವಳ ಬಾಯನ್ನು ನಾನು ಹಾಗೇ ನೋಡಿದ್ದೆ.

ಪುಸ್ತಕ ಮುಚ್ಚಿ ಕಿಟಕಿಯಲ್ಲಿ ಇಟ್ಟೆ.

"ಜರಾ ಏಳವ್ವ," ಎಂದೆ. "ಹಾಸಿಗಿ ಝಾಡಸೋಣು."

ಅವಳು ನನ್ನ ಭುಜ ಹಿಡಿದು ಎದ್ದು ನಿಂತಳು. ಕೋಣೆಯ ಜನ ಗೋಡೆಗೆ ಸರಿದರು. ನಾನು ಬಲಗೈಯಿಂದ ಹಾಸಿಗೆಯ ಒಂದು ಮೂಲೆ ಹಿಡಿದೆ. ಎಡಗೈಗೆ ಭಾರ ಕೊಡುವಂತಿಲ್ಲ. ಇನ್ನೊಂದು ಕಡೆಗೆ ಯಾರೆಂದು ನೋಡುವಷ್ಟರಲ್ಲಿ ಜಯರಾಜ ಆಗಲೇ ಬಗ್ಗಿ ಆ ಕಡೆಯ ಎರಡೂ ಮೂಲೆಗಳನ್ನು ಹಿಡಿದಿದ್ದರು.

"ಹೂಂ," ಎಂದರು. "ತಿರುವು."